ಡ್ರಾ ಕೇಳಿದ್ದು ಯಾರು

ಬೆಳ್ತಂಗಡಿ
12 ಜೂನ್ 2024

ಪ್ರಿಯ ರಶೀನಾ,

ಈ ವಿಳಾಸವನ್ನು ನೆನಪಿನಿಂದಲೇ ಬರೆದಿದ್ದೇನೆ. ನಾವಿಬ್ಬರು ಹುಡುಗಿಯರಾಗಿದ್ದಾಗ ಅಂಚೆ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದೆವಲ್ಲ, ಆಗ ವಾರವಾರವೂ ಬರೆದು ಕೈಗೆ ರೂಢಿಯಾದ ವಿಳಾಸ. ಅಬ್ದುಲ್ ಶುಕೂರ್, ಬಟ್ಟೆ ಅಂಗಡಿ, ಬಂಟ್ವಾಳ ಪೇಟೆ. ಅಂಗಡಿ ಈಗಲೂ ಇದೆಯೋ, ನೀನು ಯಾವ ಊರಿನಲ್ಲಿದ್ದೀಯೋ ನನಗೆ ತಿಳಿಯದು. ತಲುಪಿದರೆ ತಲುಪಲಿ ಎಂದು ಹಾಕುತ್ತಿದ್ದೇನೆ. ಇಷ್ಟು ವರ್ಷಗಳ ಮೇಲೆ 'ನೀನು' ಎನ್ನುವುದಕ್ಕೆ ಸಂಕೋಚವಾಗುತ್ತದೆ. ಆದರೆ 'ನೀವು' ಎಂದು ಬರೆದು ನೋಡಿದೆ, ಅದು ಬೇರೆ ಯಾರಿಗೋ ಬರೆದ ಕಾಗದವಾಯಿತು.

ನಾನು ಕಳೆದ ವರ್ಷ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಗದಗ, ಶಿರಸಿ, ಹಾಸನ ಎಲ್ಲ ಸುತ್ತಿ ಈಗ ಮತ್ತೆ ನಮ್ಮೂರು ಬೆಳ್ತಂಗಡಿಗೇ ಬಂದಿದ್ದೇನೆ. ಮನೆಯವರಿಗೆ ಇನ್ನೂ ಎರಡು ವರ್ಷ ಸರ್ವಿಸ್ ಇದೆ.

ಹೋದ ವಾರ ಮೂಡುಬಿದಿರೆಯಿಂದ ಸಾತ್ವಿಕಾ ಎಂಬ ಹುಡುಗಿ ಬಂದಿದ್ದಳು. ಅಲ್ಲಿ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ನಮ್ಮ ಜಿಲ್ಲೆಯ ಹಳೆಯ ಚೆಸ್ ಪಂದ್ಯಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದಾಳೆ. ಅದರಲ್ಲಿ ನಮ್ಮ ಪಂದ್ಯವೂ ಇದೆ. 1994ರ ರಾಜ್ಯ ಮಹಿಳಾ ಟೂರ್ನಿ, ಮೂಡುಬಿದಿರೆ, ಕೊನೆಯ ಸುತ್ತು. ನೀನು ಬಿಳಿ, ನಾನು ಕಪ್ಪು. ಡ್ರಾ.

ಆಗ ಪತ್ರಿಕೆಯವರು ನಮ್ಮಿಬ್ಬರನ್ನೂ ಮಾಸ್ಟರ್ ಎಂದೇ ಬರೆಯುತ್ತಿದ್ದರು, ನೆನಪಿದೆಯಾ. ಸಾತ್ವಿಕಾ ಆ ಪಂದ್ಯವನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದಾಳೆ. ನಾವು ಕೈಕುಲುಕಿ ಎದ್ದ ಆ ಸ್ಥಿತಿಯಲ್ಲಿ ನಿನಗೆ ಗೆಲುವಿತ್ತಂತೆ. ನನಗೆ ಉಳಿಯಲು ದಾರಿಯೇ ಇರಲಿಲ್ಲವಂತೆ. ಆ ನಡೆಯನ್ನು ಅವಳು ನನಗೆ ತೋರಿಸಿದಳು.

ನನಗೆ ಆಶ್ಚರ್ಯವಾಗಲಿಲ್ಲ. ಅಂದು ನಾನು ನಿನಗಿಂತ ಅರ್ಧ ಪಾಯಿಂಟು ಮುಂದಿದ್ದೆ. ಡ್ರಾ ಆದರೆ ನನಗೆ ಪಟ್ಟ, ನೀನು ಗೆದ್ದರೆ ನಿನಗೆ. ಗೊತ್ತಿದ್ದೂ ನೀನು ಡ್ರಾ ಕೊಟ್ಟೆ. ಆ ಪಟ್ಟದಿಂದಲೇ ನನಗೆ ಕ್ರೀಡಾ ಕೋಟಾದಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ನಮ್ಮ ಮನೆಯ ಸ್ಥಿತಿ ನಿನಗೆ ಗೊತ್ತಿತ್ತು. ಕರುಣೆಯಿಂದ ಕೊಟ್ಟೆ ಎಂದೇ ನಾನು ತಿಳಿದಿದ್ದೇನೆ. ಅದಕ್ಕೇ ಆಮೇಲೆ ನಿನಗೆ ಒಂದು ಕಾರ್ಡು ಹಾಕುವ ಮುಖವೂ ನನಗೆ ಇರಲಿಲ್ಲ.

ಈಗ ಕೇಳಬೇಕೆನಿಸಿದೆ. ಆ ಗೆಲುವು ನಿನಗೆ ಕಂಡಿತ್ತಾ, ರಶೀನಾ? ಕಂಡೂ ಡ್ರಾ ಕೇಳಿದೆಯಾ?

ನಿನ್ನ
ಶಶಿಪ್ರಭಾ

ಬಂಟ್ವಾಳ
9 ಜುಲೈ 2024

ಪ್ರಿಯ ಶಶಿಯಕ್ಕ,

ಕಾಗದ ತಲುಪಿ ಮೂರು ವಾರ ಆಯಿತು. ಅಂಗಡಿ ಈಗ ಇಲ್ಲ. ಬಾಪ ತೀರಿಕೊಂಡ ಮೇಲೆ ಅದನ್ನು ಬಿಟ್ಟೆವು, ಅಲ್ಲಿ ಮೊಬೈಲ್ ರಿಪೇರಿಯವರಿದ್ದಾರೆ. ಅವರು ಬಾಪನ ಹೆಸರು ನೋಡಿ ಕಾಗದವನ್ನು ಮನೆಗೆ ತಂದುಕೊಟ್ಟರು.

ತಡ ಮಾಡಿದ್ದು ಯಾಕೆಂದರೆ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆಯುವುದು ಬೇಡವೆಂದು ಕಾದೆ. ಈಗ ಸಿಟ್ಟು ಹೋಗಿ ಕುತೂಹಲ ಉಳಿದಿದೆ. ನಾನು ಡ್ರಾ ಕೇಳಿದೆ ಎಂದು ನಿಮಗೆ ಹೇಳಿದವರು ಯಾರು?

ಡ್ರಾ ಕೇಳಿದ್ದು ನೀವು, ಶಶಿಯಕ್ಕ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ನಿಮ್ಮ ಸರದಿ ಮುಗಿದಿತ್ತು, ನಾನು ಯೋಚನೆ ಮಾಡುತ್ತಿದ್ದೆ. ನೀವು ಎದ್ದು ಅಂಪೈರ್ ಶೇಖರ ಮಾಸ್ಟ್ರ ಮೇಜಿನ ಹತ್ತಿರ ಹೋದಿರಿ. ವಾಪಸು ಬಂದು ಕುಳಿತಿರಿ. ಸ್ವಲ್ಪದರಲ್ಲೇ ಮಾಸ್ಟ್ರು ಬಂದು ಡ್ರಾ ಅಲ್ಲವಾ ಎಂದು ಕೇಳಿದರು. ನಿಮಗೆ ಡ್ರಾ ಸಾಕಿತ್ತು. ನನ್ನ ಎದುರು ಕೇಳುವ ಬದಲು ಅವರ ಮೂಲಕ ಕೇಳಿಸಿದಿರಿ ಎಂದುಕೊಂಡೆ. ಹತ್ತೊಂಬತ್ತು ವರ್ಷದ ಹುಡುಗಿ, ದೊಡ್ಡವರು ಬಂದು ಕೇಳುವಾಗ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ತಲೆ ಆಡಿಸಿದೆ.

ಇದನ್ನು ನಾನು ನನ್ನ ಮಕ್ಕಳಿಗೂ ಹೇಳಿದ್ದೇನೆ. ಮಗಳು ಫಾಯಿಝಾ ಚಿಕ್ಕವಳಿದ್ದಾಗ ಸೌದಿಯ ಜುಬೈಲಿನಲ್ಲಿ ಅವಳಿಗೆ ಚೆಸ್ ಕಲಿಸುತ್ತಾ, ಎದುರಿನವರು ಡ್ರಾ ಕೇಳಿದರೆ ಮೊದಲು ಬೋರ್ಡ್ ನೋಡು, ಅವರ ಮುಖ ನೋಡಬೇಡ, ಒಬ್ಬ ಅಕ್ಕನ ಮುಖ ನೋಡಿ ನಾನು ಕೆಟ್ಟೆ ಎನ್ನುತ್ತಿದ್ದೆ. ಆ ಅಕ್ಕ ನೀವು. ನೀವು ಅಲ್ಲಿ ಕುಳಿತು ನಾನು ಕರುಣೆ ತೋರಿಸಿದೆ ಎಂದು ತಿಳಿದಿದ್ದರೆ ಇದೆಲ್ಲ ಏನು?

ಗೆಲುವು ಇತ್ತು ಎಂದು ನನಗೂ ಅನಿಸುತ್ತಿತ್ತು. ಆದರೆ ಹೇಗೆ ಎಂದು ಕಂಡಿರಲಿಲ್ಲ. ಸಾತ್ವಿಕಾ ತೋರಿಸಿದ ನಡೆಯನ್ನು ನೀವು ನನಗೆ ಹೇಳಬೇಡಿ. ದಯವಿಟ್ಟು ಕಾಗದದ ಮೂಲೆಯಲ್ಲಿಯೂ ಬರೆಯಬೇಡಿ.

ನಾವು ಗಲ್ಫಿನಿಂದ ಬಂದು ಐದಾರು ವರ್ಷ ಆಯಿತು. ನಮ್ಮವರು, ಹನೀಫಾ, ಬಿ.ಸಿ.ರೋಡಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ನಾನು ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಕೊಡುತ್ತೇನೆ. ಬಾಪ ಹೋದ ಮೇಲೆ ಉಮ್ಮ ನನ್ನ ಜೊತೆಗೇ ಇದ್ದಾರೆ.

ರಶೀನಾ

ಬೆಳ್ತಂಗಡಿ
15 ಜುಲೈ 2024

ರಶೀನಾ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕುಳಿತು ಇನ್ನೊಮ್ಮೆ ಓದಿದೆ. ನಾನು ಕೇಳಲಿಲ್ಲ. ದೇವರ ಆಣೆ ಹಾಕುವ ವಯಸ್ಸಲ್ಲ, ಆದರೂ ಹಾಕುತ್ತೇನೆ.

ಮಾಸ್ಟ್ರ ಮೇಜಿನ ಹತ್ತಿರ ಹೋದದ್ದು ನಿಜ. ಅಲ್ಲಿ ಕುಡಿಯುವ ನೀರಿನ ಕೊಡಪಾನ ಇತ್ತು. ಎರಡು ಲೋಟ ನೀರು ಕುಡಿದು ಬಂದೆ. ಬೋರ್ಡ್ ನೋಡಿ ಹೆದರಿದ್ದೆ, ಅದು ನಿನಗೆ ಕಾಣಬಾರದೆಂದು ಎದ್ದದ್ದು. ಅವರ ಹತ್ತಿರ ಒಂದು ಮಾತೂ ಆಡಲಿಲ್ಲ.

ಈಗ ನಾನು ನೋಡಿದ್ದನ್ನು ಕೇಳು. ನೀರು ಕುಡಿದು ತಿರುಗಿದಾಗ ನೀನು ಬಾಗಿಲ ಕಡೆ ನೋಡುತ್ತಿದ್ದೆ. ಅಲ್ಲಿ ನಿನ್ನ ಬಾಪ ನಿಂತಿದ್ದರು. ನೀನು ಅವರಿಗೆ ಏನೋ ಸನ್ನೆ ಮಾಡಿದೆ. ಅವರು ಆಚೆ ಹೋದರು. ಸ್ವಲ್ಪ ಹೊತ್ತಿಗೆ ಮಾಸ್ಟ್ರು ಆ ಬಾಗಿಲಿಂದಲೇ ಒಳಗೆ ಬಂದು ನಮ್ಮ ಮೇಜಿಗೆ ಬಂದರು. ನೀನು ಬಾಪನ ಮೂಲಕ ಹೇಳಿ ಕಳಿಸಿದೆ ಎಂದು ನಾನು ತಿಳಿದೆ. ಇಷ್ಟು ವರ್ಷ ಅದನ್ನು ಒಮ್ಮೆಯೂ ಅನುಮಾನಿಸಲಿಲ್ಲ.

ನೀನು ಕೇಳಲಿಲ್ಲ, ನಾನು ಕೇಳಲಿಲ್ಲ. ಹಾಗಾದರೆ ಡ್ರಾ ಎಲ್ಲಿಂದ ಬಂತು?

ಸಾತ್ವಿಕಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಗೆಲುವಿನ ನಡೆಗಿಂತ ಇದೇ ದೊಡ್ಡ ಸಂಗತಿಯಾಯಿತು. ನಿನ್ನ ಕಾಗದವನ್ನು ಫೋನಿನಲ್ಲೇ ಓದಿಸಿಕೊಂಡಳು. ಶೇಖರ ಮಾಸ್ಟ್ರು ಬದುಕಿದ್ದಾರಂತೆ. ಕಕ್ಕಿಂಜೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಮಳೆ ಸ್ವಲ್ಪ ಬಿಟ್ಟ ಮೇಲೆ ಹೋಗಿ ಕೇಳುವ ಎಂದಿದ್ದಾಳೆ. ಅವರಿಗೆ ನೆನಪಿರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಆ ದಿನ ಬಾಪನಿಗೆ ಏನು ಸನ್ನೆ ಮಾಡಿದೆ ಎಂದು ಬರೆ.

ಶಶಿ

ಬಂಟ್ವಾಳ
6 ಆಗಸ್ಟ್ 2024

ಪ್ರಿಯ ಶಶಿಯಕ್ಕ,

ನೇತ್ರಾವತಿ ಈ ಸಲ ಪೇಟೆಯೊಳಗೆ ಬಂದದ್ದು ಟಿವಿಯಲ್ಲಿ ನೋಡಿರಬಹುದು. ನಮ್ಮ ಮನೆಗೆ ಮೆಟ್ಟಿಲವರೆಗೆ ನೀರು ಬಂದು ನಿಂತಿತು. ಸಾಮಾನೆಲ್ಲ ಮಹಡಿಗೆ ಏರಿಸಿದೆವು. ಉಮ್ಮ ಕೆಳಗೆ ಬರುವುದಿಲ್ಲ ಎಂದು ಮೊದಲೇ ಮೇಲೆ ಹೋಗಿ ಕುಳಿತಿದ್ದರು. ಕರೆಂಟಿಲ್ಲ, ಟ್ಯೂಷನ್ ಇಲ್ಲ. ಆ ಬಿಡುವಿನಲ್ಲಿ ನಮ್ಮ ಪಂದ್ಯದ ಕೊನೆಯ ಸ್ಥಿತಿಯನ್ನು ಬೋರ್ಡಿನ ಮೇಲೆ ಇಟ್ಟೆ. ಒಂದೊಂದು ಕಾಯಿಯೂ ಎಲ್ಲಿತ್ತು ಎಂದು ನೆನಪಿತ್ತು. ಇಬ್ಬರಿಗೂ ಒಂದೊಂದು ಆನೆ, ನಾಲ್ಕು ನಾಲ್ಕು ಕಾಲಾಳು. ನಿಮ್ಮ ಆನೆ ನನ್ನ ಬಲಗಡೆಯ ಕಾಲಾಳನ್ನು ಹೊಡೆಯಲು ನಿಂತಿದೆ, ನಡೆ ನನ್ನದು.

ಸನ್ನೆ ಮಾಡಿದ್ದು ಹೌದು. ಬಾಪ ಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಗುತ್ತದೆ ಎಂದು ಕೈಯಲ್ಲಿ ಕೇಳಿದರು. ಬಂಟ್ವಾಳಕ್ಕೆ ಕೊನೆಯ ಬಸ್ಸು ತಪ್ಪುತ್ತದೆಂದು ಅವರಿಗೆ ಗಾಬರಿ. ನಾನು ಇನ್ನೂ ತುಂಬ ಹೊತ್ತು ಎಂದು ಸನ್ನೆ ಮಾಡಿದೆ. ಅವರು ಯಾರದಾದರೂ ಜೀಪು ಸಿಗುತ್ತದಾ ನೋಡಲು ಹೊರಗೆ ಹೋದರು. ನಾನು ಆಡುವವಳಿದ್ದೆ, ಶಶಿಯಕ್ಕ. ರಾತ್ರಿಯಾದರೂ ಆಡುವವಳಿದ್ದೆ.

ಇದನ್ನು ನಿಮಗೆ ಹೇಳಿರಲಿಲ್ಲ. ಆಗ ನನಗೆ ಸಂಬಂಧ ಬಂದಿತ್ತು. ಹನೀಫಾ ಜುಬೈಲಿನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದರು. ಬಾಪ ನನಗೆ ಮಾತು ಕೊಟ್ಟಿದ್ದರು, ನೀನು ಗೆದ್ದರೆ ಮೊದಲು ಕಲ್ಕತ್ತೆಗೆ ರಾಷ್ಟ್ರೀಯ ಟೂರ್ನಿಗೆ ಕರೆದುಕೊಂಡು ಹೋಗುತ್ತೇನೆ, ಮದುವೆ ಅವರ ಮುಂದಿನ ರಜೆಗೆ ಎಂದು. ಗೆದ್ದವರೊಬ್ಬರಿಗೇ ಕಲ್ಕತ್ತೆ ಅಲ್ಲವಾ. ಡ್ರಾ ಆಯಿತು. ಮನೆಗೆ ಬಂದ ಮೇಲೆ ಬಾಪ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತಿಂಗಳೇ ನಿಕಾಹ್ ಆಯಿತು. ಆಮೇಲೆ ನಾನು ಟೂರ್ನಿಯ ಮೇಜಿಗೆ ಕುಳಿತಿಲ್ಲ.

ನೀವು ಬೇಸರ ಮಾಡಬೇಡಿ. ಹನೀಫಾ ಒಳ್ಳೆಯವರು, ನನ್ನ ಬದುಕಿನಲ್ಲಿ ದೂರುವಂಥದ್ದು ಏನಿಲ್ಲ. ಆದರೆ ಜುಬೈಲಿನ ಆ ಚಿಕ್ಕ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಈ ಸ್ಥಿತಿ ತಲೆಗೆ ಬರುತ್ತಿತ್ತು. ಒಂದು ಗಂಟೆ ಆಡಲು ಬಿಟ್ಟಿದ್ದರೆ ಎಂದು. ಆಗ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೆ ಈಗ ಹಿಡಿಯಲು ಏನೂ ಇಲ್ಲದ ಹಾಗಾಗಿದೆ.

ಉಮ್ಮನನ್ನೂ ಕೇಳಿ ನೋಡಿದೆ. ಅವರಿಗೆ ನೆನಪಿರುವುದು ಬಾಪ ಆ ದಿನ ತಡವಾಗಿ ಬಂದು ಊಟ ಬೇಡ ಎಂದದ್ದು ಮಾತ್ರ.

ಮಾಸ್ಟ್ರ ಹತ್ತಿರ ಬೇಗ ಹೋಗಿ.

ರಶೀನಾ

ಬೆಳ್ತಂಗಡಿ
26 ಆಗಸ್ಟ್ 2024

ರಶೀನಾ,

ನಿನ್ನ ಕಾಗದಕ್ಕೆ ತಕ್ಷಣ ಉತ್ತರ ಬರೆಯಲು ಆಗಲಿಲ್ಲ. ನಿಕಾಹ್ ಆದ ಸುದ್ದಿ ಆಗ ಯಾರಿಂದಲೋ ತಿಳಿದಿತ್ತು. ಅದಕ್ಕೂ ನಮ್ಮ ಪಂದ್ಯಕ್ಕೂ ಸಂಬಂಧ ಇದೆ ಎಂದು ಗೊತ್ತಿರಲಿಲ್ಲ. ಕಲ್ಕತ್ತೆಗೆ ನಾನು ಹೋದೆ. ಅಲ್ಲಿ ಹನ್ನೊಂದನೆಯವಳಾಗಿ ಬಂದೆ. ಇಷ್ಟು ಮಾತ್ರ ಬರೆಯಬಲ್ಲೆ.

ನಿನ್ನೆ ಭಾನುವಾರ ಸಾತ್ವಿಕಾ ಕಾರು ತಂದಿದ್ದಳು. ಕಕ್ಕಿಂಜೆಗೆ ಹೋಗಿಬಂದೆವು. ಚಾರ್ಮಾಡಿ ಕಡೆ ಮೋಡ ಕಟ್ಟಿತ್ತು, ಆದರೆ ಮಳೆ ಬರಲಿಲ್ಲ. ಶೇಖರ ಮಾಸ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಾ ಕುಳಿತಿದ್ದರು. ತೆಳ್ಳಗಾಗಿದ್ದಾರೆ, ಕಿವಿ ಚೆನ್ನಾಗಿದೆ. ನಾನು ಯಾರೆಂದು ಹೇಳುವ ಮೊದಲೇ, ನೀನು ಬೆಳ್ತಂಗಡಿಯ ಕಪ್ಪು ಕಾಯಿಯ ಹುಡುಗಿ ಅಲ್ಲವಾ ಎಂದರು. ಮಗಳು ಅವಲಕ್ಕಿ, ಚಹಾ ತಂದಿಟ್ಟಳು. ಸಾತ್ವಿಕಾ ಮೆಲ್ಲಗೆ ವಿಷಯ ತೆಗೆದಳು. ಆ ದಿನ ಇವರಿಬ್ಬರಲ್ಲಿ ಡ್ರಾ ಕೇಳಿದ್ದು ಯಾರು, ನಿಮಗೆ ನೆನಪುಂಟಾ ಎಂದು.

ಮಾಸ್ಟ್ರು ಲೋಟ ಕೆಳಗಿಟ್ಟರು.

"ಇವರಿಬ್ಬರೂ ಕೇಳ್ಲಿಲ್ಲ. ಕೇಳಿದ್ದು ನಾನು."

ಆ ಸಂಜೆ ಅದೇ ಸಭಾಭವನದಲ್ಲಿ ಯಾರದೋ ಮದುವೆಯ ಔತಣ ಇತ್ತಂತೆ. ಉಳಿದೆಲ್ಲ ಪಂದ್ಯ ಮುಗಿದು ನಮ್ಮದೊಂದೇ ಉಳಿದಿತ್ತಲ್ಲ. ಭವನದ ಮ್ಯಾನೇಜರ್ ಎರಡು ಸಲ ಬಂದು ಮಾಸ್ಟ್ರನ್ನು ಹೊರಗೆ ಕರೆದು, ಕುರ್ಚಿ ತಿರುಗಿಸಬೇಕು, ಅಡುಗೆಯವರು ಪಾತ್ರೆ ಇಳಿಸಿ ಕಾಯುತ್ತಿದ್ದಾರೆ, ಬೇಗ ಖಾಲಿ ಮಾಡಿ ಎಂದು ಗಲಾಟೆ ಮಾಡಿದನಂತೆ. ಮೂರನೇ ಸಲ ಬಂದಾಗ ಮಾಸ್ಟ್ರು ಒಳಗೆ ಬಂದು ನಮ್ಮ ಬೋರ್ಡ್ ನೋಡಿದರು.

"ಎರಡೂ ಕಡೆ ಸಮ ಕಂಡಿತು. ಸರಿ, ಡ್ರಾ ಅಲ್ವಾ ಅಂತ ಕೇಳಿದೆ. ಇವಳು ತಲೆ ಆಡಿಸಿದ್ಳು, ಅವಳೂ ಆಡಿಸಿದ್ಳು. ಇಬ್ಬರಿಗೂ ಖುಷಿ ಅಂತ ಅಂದ್ಕೊಂಡೆ. ಬೇಡ ಅಂದಿದ್ರೆ ನಾನು ಆಡ್ಲಿಕ್ಕೆ ಬಿಡ್ತಿದ್ದೆ. ಮ್ಯಾನೇಜರಿಗೆ ಏನಾದ್ರೂ ಹೇಳ್ತಿದ್ದೆ."

ಸಾತ್ವಿಕಾ ಬರೆದುಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಅಂಗಳ ನೋಡುತ್ತಿದ್ದೆ.

ಹೊರಡುವಾಗ ಮಾಸ್ಟ್ರು ಗೇಟಿನವರೆಗೆ ಬಂದರು. "ಯಾಕೆ, ಅದ್ರಿಂದ ಏನಾದ್ರೂ ತೊಂದರೆ ಆಯ್ತಾ?" ಎಂದು ಕೇಳಿದರು.

"ಇಲ್ಲ ಸರ್" ಎಂದೆ. ಆ ವಯಸ್ಸಿನವರಿಗೆ ಬೇರೆ ಏನು ಹೇಳುವುದು? ಹಾಗೆ ಹೇಳಿದ್ದು ಸರಿಯೋ ತಪ್ಪೋ ನೀನೇ ಹೇಳಬೇಕು. ತೊಂದರೆ ಆಗಿದ್ದರೆ ಅದು ನಿನಗೆ.

ಶಶಿ

ಬಂಟ್ವಾಳ
2 ಸೆಪ್ಟೆಂಬರ್ 2024

ಪ್ರಿಯ ಶಶಿಯಕ್ಕ,

ಇಲ್ಲ ಎಂದದ್ದು ಸರಿ. ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಕಾಗದ ಓದಿ ಮೊದಲು ನಕ್ಕೆ. ಜೋರಾಗಿ ನಕ್ಕದ್ದಕ್ಕೆ ಉಮ್ಮ ಅಡುಗೆಮನೆಯಿಂದ ಬಂದು ನೋಡಿದರು. ಅವರಿಗೆ ವಿಷಯ ಹೇಳುತ್ತಾ ಹೇಳುತ್ತಾ ಅಳು ಬಂತು. ಯಾರದೋ ಮದುವೆಯ ಬಿರಿಯಾನಿಯೋ ಪಾಯಸವೋ ತಣ್ಣಗಾಗುತ್ತದೆಂದು ನನ್ನ ಕಲ್ಕತ್ತೆ ಹೋಯಿತು. ಯಾರ ಮೇಲೆ ಸಿಟ್ಟು ಮಾಡುವುದು? ಮಾಸ್ಟ್ರು ಕೇಳಿದರು ಅಷ್ಟೇ. ನಾನು ಬೇಡ ಎನ್ನಬಹುದಿತ್ತು. ನೀವೂ ಬೇಡ ಎನ್ನಬಹುದಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸಿದೆವು.

ಎರಡು ದಿನ ಬೋರ್ಡಿನ ಎದುರು ಕುಳಿತು ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಯಾರೂ ಕೇಳದ ಡ್ರಾ ಡ್ರಾ ಅಲ್ಲ. ಪಂದ್ಯ ನಿಂತಿದೆ, ಮುಗಿದಿಲ್ಲ. ಮುಂದುವರಿಸುವ. ಮೊದಲಿನ ಹಾಗೆ ಅಂಚೆಯಲ್ಲಿ.

ನೀವು ಯಂತ್ರದ ನಡೆಯನ್ನು ನೋಡಿದ್ದೀರಿ, ಅದು ನನ್ನ ಕಡೆಯದ್ದಲ್ಲವಾ, ಆದ್ದರಿಂದ ಅಡ್ಡಿಯಿಲ್ಲ. ಇನ್ನು ಮುಂದೆ ಯಾವ ಯಂತ್ರವನ್ನೂ ತೆರೆಯಬಾರದು. ಸಾತ್ವಿಕಾಳನ್ನು ಕೇಳಬಾರದು. ಡ್ರಾ ಎಂಬ ಮಾತನ್ನು ಇಬ್ಬರೂ ಎತ್ತಬಾರದು. ಮುಖ್ಯವಾದದ್ದು ಒಂದು ಉಂಟು. ನೀವು ನನಗೆ ಗೆಲ್ಲಲು ಬಿಟ್ಟರೆ ನನಗೆ ಗೊತ್ತಾಗುತ್ತದೆ. ಹಾಗೆ ಮಾಡಿದರೆ ಈ ಕಾಗದಗಳನ್ನೂ ನಿಲ್ಲಿಸುತ್ತೇನೆ. ನಾನು ತೋರಿಸದ ಕರುಣೆಯನ್ನು ನೀವು ಇಷ್ಟು ವರ್ಷ ಹೊತ್ತದ್ದು ಸಾಕು. ಅದನ್ನು ನನ್ನ ತಲೆಗೆ ವರ್ಗಾಯಿಸಬೇಡಿ.

ನನ್ನ ನಡೆ. ಆನೆಯನ್ನು ಜಿ1 ಮನೆಗೆ ತಂದು ಬಲಗಡೆಯ ಕಾಲಾಳನ್ನು ಕಾಯುತ್ತೇನೆ.

ರಶೀನಾ

ಬೆಳ್ತಂಗಡಿ
7 ಸೆಪ್ಟೆಂಬರ್ 2024

ರಶೀನಾ,

ನಿನ್ನ ಎಲ್ಲ ಷರತ್ತುಗಳಿಗೂ ಒಪ್ಪಿಗೆ. ಅಂಚೆ ಕಚೇರಿಗೆ ಹೋಗಿ ಒಂದು ಕಟ್ಟು ಕಾರ್ಡು ಕೇಳಿದೆ. ಕೌಂಟರಿನ ಹುಡುಗಿ ಒಳಗೆ ಹೋಗಿ ಹುಡುಕಿ ತಂದಳು. ಯಾವ ಸ್ಪರ್ಧೆಗೆ ಉತ್ತರ ಕಳಿಸುತ್ತಿದ್ದೀರಿ ಎಂದು ಕೇಳಿದಳು. ಸ್ಪರ್ಧೆ ಹೌದು ಎಂದೆ.

ನನ್ನ ನಡೆ. ನಡುವಿನ ಕಾಲಾಳು ಡಿ5.

ಶಶಿ

ಬಂಟ್ವಾಳ
24 ಸೆಪ್ಟೆಂಬರ್ 2024

ಶಶಿಯಕ್ಕ,

ನೀವು ಮೊನ್ನೆ ಆಡಿದ ನಡೆ ನೋಡಿ ನನ್ನ ಟ್ಯೂಷನ್ ಮಕ್ಕಳಿಗೆ ನಿಮ್ಮ ಮೇಲೆ ಬಹಳ ಸಿಟ್ಟು. ಬೋರ್ಡನ್ನು ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಲೆಕ್ಕ ಮಾಡುವುದು ಬಿಟ್ಟು ಅದನ್ನೇ ನೋಡುತ್ತವೆ. ಹನೀಫಾರಿಗೆ ಚೆಸ್ ಬರುವುದಿಲ್ಲ. ಅಂಗಡಿಯಿಂದ ಬಂದವರು ದಿನವೂ, ಇವತ್ತು ಬೆಳ್ತಂಗಡಿ ಏನು ಹೇಳಿತು ಎಂದು ಕೇಳುತ್ತಾರೆ. ಮದುವೆಯಾದ ಮೇಲೆ ಮೊದಲ ಸಲ ಅವರಿಗೆ ಆ ಡ್ರಾದ ಸಂಗತಿ, ಕಲ್ಕತ್ತೆಯ ಸಂಗತಿ ಎಲ್ಲ ಹೇಳಿದೆ. 

"ಆಗಲೇ ಹೇಳಿದ್ದಿದ್ರೆ ಮುಂದಿನ ರಜೆವರೆಗೆ ನಾನು ಕಾಯ್ತಿದ್ದೆ" ಎಂದರು.

ಅವರನ್ನು ಯಾರೂ ಕೇಳಿರಲಿಲ್ಲವಂತೆ, ಶಶಿಯಕ್ಕ. ಬಾಪನೂ ಕೇಳಲಿಲ್ಲ, ನಾನಂತೂ ಕೇಳುವ ಹಾಗೇ ಇರಲಿಲ್ಲ. ಅವರ ಆ ಮಾತಿನ ಮೇಲೆ ನನಗೆ ಆ ದಿನ ಏನೂ ಕೆಲಸ ಮಾಡಲಾಗಲಿಲ್ಲ.

ಫಾಯಿಝಾಳಿಗೂ ಫೋನ್ ಮಾಡಿ ಕಥೆ ತಿದ್ದಿದೆ. ಆ ಅಕ್ಕ ಡ್ರಾ ಕೇಳಿರಲಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಚಿಕ್ಕಂದಿನಿಂದ ನಿಮ್ಮನ್ನು ಕೆಟ್ಟವರೆಂದು ತಿಳಿದು ಅಭ್ಯಾಸವಾಗಿದೆಯಂತೆ.

ನನ್ನ ನಡೆ. ಎಡಗಡೆಯ ಕಾಲಾಳು ಬಿ6. ಇದು ಎಂಟನೇ ಮನೆ ಮುಟ್ಟಿದರೆ ನಿಮ್ಮ ಕಥೆ ಮುಗಿಯಿತು. ನಾನು ಗೆಲ್ಲಲಿಕ್ಕೇ ಆಡುತ್ತಿದ್ದೇನೆ, ಮೊದಲೇ ಹೇಳಿದ್ದೇನೆ.

ರಶೀನಾ

ಬೆಳ್ತಂಗಡಿ
19 ಅಕ್ಟೋಬರ್ 2024

ರಶೀನಾ,

ಇಷ್ಟು ದಿನ ಕಾರ್ಡು ಬರಲಿಲ್ಲವೆಂದು ನೀನು ಅಂಚೆಯವರನ್ನು ಬೈದಿರಬಹುದು. ತಪ್ಪು ಅವರದ್ದಲ್ಲ.

ನಿನ್ನ ಬಿ6 ನೋಡಿದ ದಿನವೇ ನನಗೆ ಒಂದು ನಡೆ ಕಂಡಿತು. ತಪ್ಪು ನೋಡಿದೆನೋ ಎಂದು ಮತ್ತೆ ಮತ್ತೆ ಆಡಿ ನೋಡಿದೆ. ತಪ್ಪಿರಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ನಡೆಯೂ ಇತ್ತು. ಆನೆಯನ್ನು ಅತ್ತ ಇತ್ತ ಮಾಡಿದರೆ ನೀನು ನಿನ್ನ ಕಾಲಾಳನ್ನು ಉಳಿಸಿಕೊಳ್ಳುತ್ತಿದ್ದೆ, ಆಮೇಲೆ ಬಹುಶಃ ಗೆಲ್ಲುತ್ತಲೂ ಇದ್ದೆ. ಆ ಎರಡನೆಯ ನಡೆಯನ್ನು ಕಾರ್ಡಿನಲ್ಲಿ ಬರೆದೆ. ಸಹಿ ಹಾಕಿದೆ. ಪೇಟೆಗೆ ಹೋಗುವಾಗ ಚೀಲದಲ್ಲಿ ಇಟ್ಟುಕೊಂಡೆ. ಅಂಚೆ ಡಬ್ಬಿಯ ಎದುರು ನಿಂತು ವಾಪಸು ಬಂದೆ. ಹೀಗೆ ಎರಡು ಸಲ ಆಯಿತು.

ಮನೆಯವರು ಏನೆಂದು ಕೇಳಿದರು. ನಿನ್ನ ಕಲ್ಕತ್ತೆಯ ಮಾತು, ಹನೀಫಾರ ಮಾತು ಎಲ್ಲ ಹೇಳಿದೆ. ಅವಳಿಗೆ ಒಂದು ಗೆಲುವಾದರೂ ಸಿಗಲಿ ಎಂದು ಮನಸ್ಸು ಹೇಳುತ್ತದೆ ಎಂದೆ. ಅವರು, ಅವಳು ಕೇಳಿದ್ದು ಗೆಲುವನ್ನಾ ಪಂದ್ಯವನ್ನಾ ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು.

ಆ ಕಾರ್ಡನ್ನು ಹರಿದೆ. ನಿನಗೆ ಸಿಟ್ಟು ಬಂದರೆ ಬರಲಿ. 

ನನ್ನ ನಡೆ. ಆನೆ ಎ3, ಚೆಕ್.

ಶಶಿ

ಬಂಟ್ವಾಳ
2 ನವೆಂಬರ್ 2024

ಪ್ರಿಯ ಶಶಿಯಕ್ಕ,

ಚೆಕ್ ನೋಡಿದೆ. ರಾಜನನ್ನು ಕೆಳಗಿಳಿಸದೆ ಬೇರೆ ದಾರಿಯಿಲ್ಲ. ಇಳಿಸಿದರೆ ನಿಮ್ಮ ರಾಜ ಬಂದು ನನ್ನ ಬಿ ಕಾಲಾಳನ್ನು ತಿನ್ನುತ್ತಾನೆ. ಆಮೇಲೆ ನಿಮ್ಮ ನಡುವಿನ ಎರಡು ಕಾಲಾಳುಗಳನ್ನು ತಡೆಯಲು ನನ್ನಿಂದಾಗುವುದಿಲ್ಲ. ವಾರವಿಡೀ ಹುಡುಕಿದೆ. ಟ್ಯೂಷನ್ ಮಕ್ಕಳೂ ಹುಡುಕಿದವು. ಏನೂ ಇಲ್ಲ.

ನಾನು ಸೋತಿದ್ದೇನೆ.

ರಾಜನನ್ನು ಬೋರ್ಡಿನ ಮೇಲೆ ಮಲಗಿಸಿ ಕುಳಿತಿದ್ದೆ. ಉಮ್ಮ ಬಂದು ಏನಾಯಿತು ಎಂದರು. ಸೋತೆ ಎಂದೆ. ಯಾರ ಹತ್ತಿರ ಎಂದರು. ಬೆಳ್ತಂಗಡಿಯ ಶಶಿಯಕ್ಕನ ಹತ್ತಿರ ಎಂದೆ. ಉಮ್ಮ ಸ್ವಲ್ಪ ಯೋಚನೆ ಮಾಡಿ, ಆ ಹುಡುಗಿಯನ್ನು ಒಂದು ದಿನ ಊಟಕ್ಕೆ ಕರಿ ಎಂದರು. ಅವರ ಲೆಕ್ಕದಲ್ಲಿ ನೀವು ಇನ್ನೂ ಹುಡುಗಿ.

ಆಮೇಲೆ ನಾನೇ ಸಾತ್ವಿಕಾಳಿಗೆ ಫೋನ್ ಮಾಡಿ, ಆ ಗೆಲುವಿನ ನಡೆ ಯಾವುದಿತ್ತು, ಈಗ ಹೇಳು ಎಂದೆ. ರಾಜನನ್ನು ಸಿ4ಕ್ಕೆ ನಡೆಸುವುದಂತೆ. ಬಲಗಡೆಯ ಕಾಲಾಳು ಹೋದರೆ ಹೋಗಲಿ ಎಂದು ಬಿಟ್ಟು ಎಡಕ್ಕೆ ಹೋಗಬೇಕಿತ್ತಂತೆ. ಹಾಗೆ ಮಾಡಿದ್ದರೆ ನಿಮ್ಮ ಡಿ5 ನಡೆಯುತ್ತಲೇ ಇರಲಿಲ್ಲ. ಬೋರ್ಡಿನ ಮೇಲೆ ಇಟ್ಟು ನೋಡಿದೆ. ಎಷ್ಟು ಸರಳ. ಆದರೆ ಆ ಕಾಲಾಳನ್ನು ಬಿಟ್ಟುಕೊಡುವ ಯೋಚನೆ ಈ ಸಲ ನಡೆ ಬರೆಯುವ ಮೊದಲು ಒಂದು ತಿಂಗಳು ಬೋರ್ಡ್ ಎದುರಿದ್ದರೂ ಒಮ್ಮೆಯೂ ನನಗೆ ಬರಲಿಲ್ಲ. ಅಂದು ಗಡಿಯಾರದಲ್ಲಿ ಉಳಿದಿದ್ದ ಒಂದು ಗಂಟೆಯಲ್ಲಿ ಬರುತ್ತಿತ್ತಾ? ಬರುತ್ತಿರಲಿಲ್ಲ. ಆ ದಿನ ಆಡಲು ಬಿಟ್ಟಿದ್ದರೂ ನಾನು ಆನೆಯನ್ನೇ ಜಿ1ಕ್ಕೆ ತರುತ್ತಿದ್ದೆ. ಕಲ್ಕತ್ತೆ ನಿಮ್ಮದೇ ಆಗುತ್ತಿತ್ತು.

ಆ ಬ್ಯಾಂಕ್ ಕೆಲಸ ನಿಮ್ಮದೇ ಎಂದು ಇನ್ನಾದರೂ ತಿಳಿಯಿರಿ. ನನ್ನದನ್ನು ನೀವು ತೆಗೆದುಕೊಂಡಿರಲಿಲ್ಲ.

ಇದನ್ನು ತಿಳಿದರೆ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ನಾನೇ ಆಶ್ಚರ್ಯಪಡುತ್ತಿದ್ದೇನೆ. ಆ ಒಂದು ಗಂಟೆ ಸಿಕ್ಕಿದ್ದರೆ ಎಂದುಕೊಳ್ಳುತ್ತಿದ್ದೆನಲ್ಲ, ಆ ಗಂಟೆ ಸಿಕ್ಕಿತು. ಅದರಲ್ಲಿ ನಾನು ನನ್ನ ಮನಸ್ಸಿಗೆ ಬಂದ ಹಾಗೆ ಆಡಿದೆ. ಗೆಲ್ಲಲು ಹೋಗಿ ಸೋತೆ. ಎಷ್ಟೋ ವರ್ಷಗಳ ಮೇಲೆ ಹಸಿವಾಗುವವರೆಗೆ ಒಂದೇ ವಿಷಯದ ಬಗ್ಗೆ ಯೋಚನೆ ಮಾಡಿದೆ. ನೀವು ಹರಿದ ಕಾರ್ಡನ್ನು ಕಳಿಸಿದ್ದರೆ ಇದು ಯಾವುದೂ ನನಗೆ ಗೊತ್ತಾಗುತ್ತಿರಲಿಲ್ಲ.

ಪುಸ್ತಕದಲ್ಲಿ ಏನು ಬರೆಯಬೇಕೆಂದು ಸಾತ್ವಿಕಾ ಕೇಳಿದಳು. ನಡೆದದ್ದನ್ನೇ ಬರೆ ಎಂದೆ. ಅಂದು ಡ್ರಾ ಆಯಿತು, ಇಬ್ಬರೂ ಕೇಳಿರಲಿಲ್ಲ. ಆಮೇಲೆ ಅಂಚೆಯಲ್ಲಿ ಮುಗಿಯಿತು, ಕಪ್ಪು ಗೆದ್ದಿತು. ಮಾಸ್ಟ್ರ ಹೆಸರಿಗೆ ಕೆಟ್ಟದಾಗದ ಹಾಗೆ ಬರೆಯಲು ಹೇಳಿದ್ದೇನೆ.

ಫೋನಿನಲ್ಲಿ ಅವಳೇ ಇನ್ನೊಂದು ವಿಷಯ ಹೇಳಿದಳು. ಡಿಸೆಂಬರ್ ಕೊನೆಗೆ ಮೂಡುಬಿದಿರೆಯಲ್ಲಿ ಮಹಿಳೆಯರ ಟೂರ್ನಿ ಉಂಟಂತೆ, ವಯಸ್ಸಿನ ಮಿತಿ ಇಲ್ಲವಂತೆ. ಬರುವವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು, ಕೆಲವರು ಇನ್ನೂ ಸಣ್ಣವರು, ಎಲ್ಲರೂ ಯಂತ್ರದ ಜೊತೆ ಆಡಿ ಕಲಿತವರು. ಮೊದಲ ಸುತ್ತಿನಲ್ಲೇ ನನ್ನನ್ನು ಮುಗಿಸಬಹುದು. ಹನೀಫಾರನ್ನು ಕೇಳಿದೆ. ಅಂಗಡಿಗೆ ಎರಡು ದಿನ ಬಾಗಿಲು ಹಾಕಿ ತಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ನಾನು ಹೆಸರು ಕೊಟ್ಟಿದ್ದೇನೆ.

ನಿಮ್ಮದನ್ನೂ ಕೊಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ, ಕೇಳಿದ್ದರೆ ನೀವು ನನ್ನ ಮುಖ ನೋಡಿ ತಲೆ ಆಡಿಸುತ್ತಿದ್ದಿರಿ. ಬೇಡವೆನಿಸಿದರೆ ಈ ಸಲ ಬೇಡ ಎಂದು ಬಾಯಿಬಿಟ್ಟು ಹೇಳಿ. ಬರುವುದಾದರೆ ಹಿಂದಿನ ದಿನವೇ ಬಂಟ್ವಾಳಕ್ಕೆ ಬನ್ನಿ. ಉಮ್ಮ ಈಗಲೇ ಏನು ಮಾಡುವುದೆಂದು ಯೋಚಿಸುತ್ತಿದ್ದಾರೆ, ನೀವು ಮೀನು ತಿನ್ನುತ್ತೀರಾ ಎಂದು ಕೇಳಲು ಹೇಳಿದ್ದಾರೆ.

ನಿಮ್ಮ
ರಶೀನಾ